ಅವಳು ಹೇಳಿದ್ದು, ನಾನು ಬರೆದದ್ದು

ನಾನು ಓದಿದ್ದು ಏಳನೇ ಕ್ಲಾಸು. ಯಾರಾದರೂ ಕೇಳಿದರೆ ದನಿ ತಗ್ಗಿಸಿ ಹೇಳಿ ಅಭ್ಯಾಸ. ಒಂದೇ ಒಂದು ಸಲ ತಲೆ ಎತ್ತಿ ಹೇಳಿದ್ದೇನೆ. ಅದು ಶಿಕಾರಿಪುರದಲ್ಲಿ, ನನ್ನ ತಂಗಿಯ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ.

ತಂಗಿಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಕಣ್ಣನ್ನೂ ತೆಗೆದುಕೊಂಡು ಹೋಯಿತು. ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆಯಲ್ಲಿ ಅವಳು ಬಾಯಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ಬರೆಯುವುದಕ್ಕೆ ಒಬ್ಬರು ಬೇಕು. ಸ್ಕ್ರೈಬ್ ಎನ್ನುತ್ತಾರೆ. ಮೊದಲೆಲ್ಲ ಬರೆದುಕೊಡುತ್ತಿದ್ದ ಪಕ್ಕದ ಮನೆಯ ಹುಡುಗಿ ಮದುವೆಯಾಗಿ ಹೋಗಿದ್ದಳು. ಬರೆಯುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿರಬೇಕಂತೆ. ಇಲ್ಲದಿದ್ದರೆ ಅವರು ತಮ್ಮ ಬುದ್ಧಿಯನ್ನೇ ಹಾಳೆಗೆ ಇಳಿಸಿಬಿಡುತ್ತಾರೆ ಎಂಬ ಹೆದರಿಕೆ.

"ನಿಮ್ದು ಎಷ್ಟಾಗೇತ್ರೀ ಓದು?" ಎಂದರು ಕಿಟಕಿಯ ಒಳಗಿನ ಗುಮಾಸ್ತರು.

"ಏಳನೇ ಕ್ಲಾಸು ರೀ."

"ಪಾಸಾ, ಫೇಲಾ?"

"ಪಾಸು ರೀ!"

"ಭಾರಿ ಆತು. ಹಿಂಗಿದ್ದೋರೇ ಬೇಕು ನಮಗೆ. ಇಲ್ಲಿ ಸಹಿ ಮಾಡ್ರಿ."

ತಂಗಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. "ನೋಡಿದ್ಯಾ ಅಕ್ಕ, ಎಂಟನೇದಕ್ಕೆ ಹೋಗ್ದೆ ನೀನು ಉಳ್ಕೊಂಡಿದ್ದು ಎಷ್ಟು ಚಲೋ ಆತು." ನನಗೆ ನಗು ತಡೆಯಲಾಗಲಿಲ್ಲ. ಎಂಟನೆಯದಕ್ಕೆ ನಾನು ಹೋಗದಿದ್ದದ್ದೇ ಅವಳ ಕೈ ಹಿಡಿದು ಓಡಾಡಿಸುವುದಕ್ಕೆ.

ಪರೀಕ್ಷೆಗೆ ಒಂದು ತಿಂಗಳು ಮುಂಚೆ ಅವಳು ನನ್ನ ಗಂಡನ ಮನೆಗೆ ಬಂದಳು. ಸೊರಬ ತಾಲ್ಲೂಕು, ಆನವಟ್ಟಿಯಿಂದ ಸ್ವಲ್ಪ ಮುಂದೆ. ಉಳಿದ ಪಾಠಗಳನ್ನು ಫೋನು ಓದಿ ಹೇಳುತ್ತಿತ್ತು. ಆದರೆ ಅಮೆರಿಕದ ಸರ್ಕಾರ ಎಂಬ ಒಂದು ಪತ್ರಿಕೆಯ ನೋಟ್ಸು ಮಾತ್ರ ಜೆರಾಕ್ಸಿನ ಜೆರಾಕ್ಸು. ಅದನ್ನು ಓದುವಾಗ ಫೋನಿನೊಳಗಿನ ಹೆಂಗಸು ಕಲ್ಲು ಅಗಿದವಳಂತೆ ತೊದಲುತ್ತಿದ್ದಳು. ಹಾಗಾಗಿ ನಾನೇ ಓದಬೇಕಾಯಿತು. ಅದು ಹುಣಸೆಹಣ್ಣಿನ ಕಾಲ. ಜಗಲಿಯ ಮೇಲೆ ರಾಶಿ ಬಿದ್ದಿತ್ತು. ನಾನು ಓದಿದರೆ ನನ್ನ ಕೆಲಸ ಮಾಡುವವರು ಯಾರು? "ನಾನು ಮಾಡ್ತೀನಿ, ಬೆರಳಿಗೆ ಕಣ್ಣು ಬೇಕಾ?" ಎಂದು ತಂಗಿ ರಾಶಿಯ ಮುಂದೆ ಕುಳಿತಳು. ಅವಳು ಹಣ್ಣು ಜಜ್ಜಿ ಬೀಜ ತೆಗೆಯುವುದು, ನಾನು ಓದುವುದು. ಬಾಯಿ ನನ್ನದು, ಕೈ ಅವಳದು. ಪರೀಕ್ಷೆಯ ದಿನ ಇದು ತಿರುವುಮುರುವು ಆಗುತ್ತದೆ ಎಂದು ಇಬ್ಬರೂ ನಕ್ಕೆವು.

ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಎರಡನೆಯ ದಿನ ನೋಟ್ಸಿನಲ್ಲಿ ಚಹಾ ಬಂತು. ಚಹಾ ಬಂದ ಮೇಲೆ ನನ್ನನ್ನು ಹಿಡಿಯುವವರೇ ಇಲ್ಲ!

ಸಮುದ್ರದ ಆಚೆ ಕುಳಿತ ಒಬ್ಬ ರಾಜ. ಈಚೆ ಅವನ ಹದಿಮೂರು ವಸಾಹತುಗಳು. ರಾಜನ ಸಭೆಯಲ್ಲಿ ಇವರ ಪರವಾಗಿ ಮಾತಾಡುವವರು ಒಬ್ಬರೂ ಇಲ್ಲ, ತೆರಿಗೆ ಮಾತ್ರ ಇವರ ಮೇಲೆ. ನಮ್ಮನ್ನು ಕೇಳದೆ ಹಾಕಿದ ತೆರಿಗೆ ನಾವು ಕೊಡುವುದಿಲ್ಲ ಎಂದು ಒಂದಷ್ಟು ಜನ ಹಡಗು ಹತ್ತಿ ಪೆಟ್ಟಿಗೆ ಪೆಟ್ಟಿಗೆ ಚಹಾ ಸೊಪ್ಪನ್ನು ಸಮುದ್ರಕ್ಕೆ ಸುರಿದರು.

ನನ್ನ ಅತ್ತೆ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಗಂಡನ ತಾಯಿ, ನನ್ನ ಮೊದಲ ಸಹಪಾಠಿ. "ಅಯ್ಯ, ಅಷ್ಟೂ ಚಾ ಪುಡಿ ನೀರಿಗಾ? ಎಂತ ಜನವೇ ಮಾರಾಯ್ತಿ! ಮನೆಗೊಂದು ಸೇರು ಹಂಚಿಕೊಂಡಿದ್ರೆ ಆಗ್ತಿರ್ಲಿಲ್ವನೆ?"

"ಹಂಚಿಕೊಂಡ್ರೆ ಕಳವು ಆಗ್ತದೆ ಅತ್ತೆ, ಚೆಲ್ಲಿದ್ರೆ ಚಳವಳಿ" ಎಂದಳು ತಂಗಿ. "ನಮ್ಮ ಈಸೂರಿನೋರು ಏನ್ ಮಾಡಿದ್ರು ಮತ್ತೆ? ಬಿಳಿಯರಿಗೆ ಕಂದಾಯ ಕೊಡಲ್ಲ, ನಮ್ಮೂರಿಗೆ ನಮ್ದೇ ಸರ್ಕಾರ ಅಂತ ನಿಂತ್ರಲ್ಲ."

ನಮ್ಮ ತವರು ಈಸೂರಿನ ಪಕ್ಕದ ಊರು. ಆ ಕಥೆಯನ್ನು ನಾವು ಅನ್ನದ ಜೊತೆಗೆ ಉಂಡವರು. ಅದು ಇಡೀ ಪ್ರಪಂಚದಲ್ಲಿ ನಮ್ಮೊಬ್ಬರದೇ ಎಂದುಕೊಂಡಿದ್ದೆ. ಅಷ್ಟು ದೂರದಲ್ಲಿ ಬೇರೆ ಯಾರೋ ಅದೇ ಮಾತು ಆಡಿದ್ದರು ಎಂದು ತಿಳಿದಾಗ ಮೈ ಜುಮ್ಮೆಂದಿತು. ಆಳುವವನಿಗೆ ಅಧಿಕಾರ ಬರುವುದು ದೇವರಿಂದಲ್ಲ, ಆಳಿಸಿಕೊಳ್ಳುವವರ ಒಪ್ಪಿಗೆಯಿಂದ. ಆ ಸಾಲನ್ನು ನಾನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಅತ್ತೆ, "ಹಂಗಾರೆ ಈ ಮನೇಲಿ ನನ್ನ ಒಪ್ಪಿಗೆ ಯಾರು ಕೇಳ್ತಾರೆ?" ಎಂದು ಎದ್ದು ಹೋದರು.

ಆಮೇಲೆ ದಿನವೂ ಹಬ್ಬ. ರಾಜನನ್ನು ಓಡಿಸಿದ ಮೇಲೆ ಹದಿಮೂರು ರಾಜ್ಯಗಳು ಒಂದು ಒಕ್ಕೂಟ ಮಾಡಿಕೊಂಡವು. ಆದರೆ ಆ ಒಕ್ಕೂಟಕ್ಕೆ ತೆರಿಗೆ ಹಾಕುವ ಬಲವಿಲ್ಲ, ಮಾತು ಕೇಳಿಸುವ ಬಲವಿಲ್ಲ. ಹದಿಮೂರು ಮನೆಯವರು ಒಲೆ ಬೇರೆ ಹೂಡಿ ಅಂಗಳವನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡಂತೆ. ಅಂಗಳ ಗುಡಿಸುವವರು ಯಾರು? ಕೊನೆಗೆ ಒಂದು ಬೇಸಿಗೆಯಲ್ಲಿ ಎಲ್ಲರೂ ಒಂದು ಕಟ್ಟಡದಲ್ಲಿ ಸೇರಿ, ಮಾತು ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚಿಕೊಂಡು, ಸೆಖೆಯಲ್ಲಿ ಬೆವರುತ್ತ ಹೊಸ ಸಂವಿಧಾನ ಬರೆದರು. ಜನ ಹೆಚ್ಚಿರುವ ರಾಜ್ಯದವರು ಜನರ ಲೆಕ್ಕದಲ್ಲಿ ಸ್ಥಾನ ಬೇಕೆಂದರು. ಸಣ್ಣ ರಾಜ್ಯದವರು ಎಲ್ಲರಿಗೂ ಸಮನಾಗಿ ಬೇಕೆಂದರು. ಮುರಿದೇ ಹೋಯಿತು ಅನ್ನುವಾಗ ಎರಡು ಸಭೆ ಮಾಡಿದರು. ಒಂದರಲ್ಲಿ ಜನರ ಲೆಕ್ಕ, ಇನ್ನೊಂದರಲ್ಲಿ ರಾಜ್ಯಕ್ಕೆ ಎರಡೆರಡು ಸ್ಥಾನ. ನನಗೆ ಎಷ್ಟು ಖುಷಿಯಾಯಿತೆಂದರೆ ಹಾಲು ಕರೆಯುವಾಗ ಎಮ್ಮೆಗೂ ಹೇಳಿದೆ.

ಒಂದು ದಿನ ಮಾತ್ರ ತಂಗಿಯ ಹಣ್ಣು ಜಜ್ಜುವ ಕಲ್ಲು ಗಾಳಿಯಲ್ಲೇ ನಿಂತಿತು. "ಅದನ್ನ ಇನ್ನೊಂದ್ಸಲ ಓದು" ಎಂದಳು. ಗುಲಾಮರನ್ನು ಲೆಕ್ಕ ಹಿಡಿಯುವಾಗ ಐದು ಜನರಿಗೆ ಮೂರು ಜನ ಎಂದು ಹಿಡಿಯುವುದು. ಮತ ಅವರಿಗಿಲ್ಲ, ಹೆಂಗಸರಿಗೂ ಇಲ್ಲ.

"ಎಣಿಸೋವಾಗ ಇದ್ರು, ಕೇಳೋವಾಗ ಇರ್ಲಿಲ್ಲ" ಎಂದಳು. "ಅವರ ಪರವಾಗಿ ಮಾತಾಡಿದೋರು ಅವರನ್ನ ಒಂದು ಮಾತು ಕೇಳ್ಲಿಲ್ಲ ನೋಡು." ಆ ದಿನ ಅವಳು ಹುಣಸೆಹಣ್ಣನ್ನು ಬೇಕಾದ್ದಕ್ಕಿಂತ ಜೋರಾಗಿ ಜಜ್ಜಿದಳು.

ಆಮೇಲೆ ಅಧಿಕಾರ ಪ್ರತ್ಯೇಕತೆಯ ಪಾಠ ಬಂತು. ಕಾನೂನು ಮಾಡುವವರು ಬೇರೆ, ಅದನ್ನು ನಡೆಸುವವರು ಬೇರೆ, ತಪ್ಪು ಒಪ್ಪು ಹೇಳುವವರು ಬೇರೆ. ಒಬ್ಬರು ಹದ್ದು ಮೀರಿದರೆ ಇನ್ನೊಬ್ಬರು ತಡೆಯುವುದು. ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ.

"ಇದು ನಮ್ಮ ಕೆರೆ ಕಣೇ! ಇದು ನಮ್ಮಪ್ಪನ ಕೆಲಸ!"

ನಮ್ಮ ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವವನು. ಅಜ್ಜನ ಕಾಲದಿಂದ ನಮ್ಮ ಮನೆಗೆ ಬಂದ ಕೆಲಸ ಅದು. ಯಾವ ಗದ್ದೆಗೆ ಯಾವ ದಿನ ಎಂದು ಸರದಿ ಹೇಳುತ್ತಿದ್ದವರು ಊರ ಹಿರಿಯರು. ತೂಬು ತೆಗೆಯುತ್ತಿದ್ದವನು ಅಪ್ಪ. ತಕರಾರು ಬಂದರೆ ಅರಳಿಕಟ್ಟೆಯ ಮೇಲೆ ಮೂರನೆಯವರು ಕೂತು ಕೇಳುತ್ತಿದ್ದರು. ಇದರ ಜೊತೆಗೆ ನಮ್ಮೂರಲ್ಲಿ ಒಂದು ಕಟ್ಟಳೆ. ನೀರುಗಂಟಿಯ ಗದ್ದೆಗೆ ಎಲ್ಲರಿಗಿಂತ ಕೊನೆಗೆ ನೀರು. ಕಾಲುವೆಯ ಬಾಲದಲ್ಲಿ ಒಬ್ಬ ಅಜ್ಜಿಯ ಗದ್ದೆಯಿತ್ತು. ಅದು ತುಂಬಿದ ಮೇಲೆಯೇ ನಮ್ಮದಕ್ಕೆ.

"ಎಷ್ಟು ಚೆನ್ನಾಗಿ ಹೊಂದ್ತದೆ ನೋಡು! ಇದನ್ನೇ ಬರಿಯೋಣ ಪರೀಕ್ಷೇಲಿ" ಎಂದೆ. ತಂಗಿ ಮತ್ತೊಂದು ಹಣ್ಣು ಕೈಗೆ ತೆಗೆದುಕೊಂಡಳು. "ನೋಡಾಣ" ಎಂದಳು. ನಾನು ಖುಷಿಯಲ್ಲಿದ್ದೆ. ಅವಳ ಮುಖ ನೋಡಲಿಲ್ಲ.

ಪರೀಕ್ಷೆಯ ದಿನ ಶಿರಾಳಕೊಪ್ಪದ ಮೇಲೆ ಹೋಗುವ ಮೊದಲ ಬಸ್ಸು ಹಿಡಿದೆವು. ನಾನು ಮೂರು ಪೆನ್ನು ಇಟ್ಟುಕೊಂಡಿದ್ದೆ, ಮೂರನ್ನೂ ಅಂಗೈ ಮೇಲೆ ಗೀಚಿ ಪರೀಕ್ಷಿಸಿದ್ದೆ. "ಮದ್ವಿಗೂ ಇಷ್ಟು ತಯಾರಿ ಮಾಡಿರ್ಲಿಲ್ಲ ನೀನು" ಎಂದು ತಂಗಿ ಕಿಚಾಯಿಸಿದಳು. ನಮಗೆ ಬೇರೆ ಕೋಣೆ ಕೊಟ್ಟಿದ್ದರು. ಮೇಲ್ವಿಚಾರಣೆಯ ಮೇಡಂ ಬಾಗಿಲ ಹತ್ತಿರ ಕುಳಿತು ಹಾಳೆ ಜೋಡಿಸುತ್ತಿದ್ದರು. ನಾನು ಪ್ರಶ್ನೆ ಪತ್ರಿಕೆ ಓದಿದೆ. ಚಹಾ ಇತ್ತು, ಒಕ್ಕೂಟ ಇತ್ತು, ಅಧಿಕಾರ ಪ್ರತ್ಯೇಕತೆಯನ್ನು ಉದಾಹರಣೆಯೊಂದಿಗೆ ವಿವರಿಸಿ ಎಂಬುದೂ ಇತ್ತು! ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಎಷ್ಟು ಚೆನ್ನಾಗಿ ಹೇಳಿದಳು! ನಮ್ಮ ಜಗಲಿಯ ಮಾತೆಲ್ಲ ಪುಸ್ತಕದ ಮಾತಾಗಿ ಅವಳ ಬಾಯಿಂದ ಬರುತ್ತಿತ್ತು.

ಕೊನೆಗೆ ಅಧಿಕಾರ ಪ್ರತ್ಯೇಕತೆ. ಅವಳು ಮೂರು ಅಂಗಗಳನ್ನು ಹೇಳಿ ಮುಗಿಸಿದಳು. ಆಮೇಲೆ, "ಈ ಅಧಿಕಾರಗಳು ಒಬ್ಬನಲ್ಲೇ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಊರಿನ ಕೆರೆಯೇ ಉದಾಹರಣೆ" ಎಂದಳು. ನಾನು ಸಂಭ್ರಮದಲ್ಲಿ ಬರೆದೆ. ಮುಂದಿನ ವಾಕ್ಯಕ್ಕೆ ಪೆನ್ನು ತಡವರಿಸಿತು. ಅವಳು ಆ ವರ್ಷದ ಮಾತು ಹೇಳುತ್ತಿದ್ದಳು.

ಆಗ ನನಗೆ ಹದಿಮೂರು, ಅವಳಿಗೆ ಎಂಟು. ಊರ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಸರದಿಯನ್ನೂ ಅಪ್ಪನೇ ಹೇಳುತ್ತಿದ್ದ, ತಕರಾರನ್ನೂ ಅಪ್ಪನೇ ಕೇಳುತ್ತಿದ್ದ. ಮಳೆ ಬೇಗ ಹಿಂದೆ ಸರಿದಿತ್ತು. ಭತ್ತ ಹಾಲುಗಟ್ಟುವ ಹೊತ್ತಿಗೆ ಕೆರೆಯಲ್ಲಿ ಉಳಿದದ್ದು ಒಂದೇ ಸುತ್ತಿನ ನೀರು. ಅಜ್ಜಿಯ ಸರದಿಯ ದಿನ ಬೆಳಿಗ್ಗೆ ಅಪ್ಪ ಅವಳ ಕಾಲುವೆಗೆ ಮಣ್ಣು ಹುಲ್ಲು ತುಂಬಿ ನೀರನ್ನು ನಮ್ಮ ಗದ್ದೆಗೆ ತಿರುಗಿಸಿದ. ಯಾರಾದರೂ ಬಂದರೆ ಕೂಗು ಎಂದು ನನ್ನನ್ನು ಬದುವಿನ ಮೇಲೆ ನಿಲ್ಲಿಸಿದ. ತಂಗಿ ಯಾವತ್ತಿನಂತೆ ನನ್ನ ಕೈ ಹಿಡಿದು ನಿಂತಿದ್ದಳು. ನಮ್ಮ ಗದ್ದೆಯ ಬಾಯಿಗೆ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ನೀರು ಬಿದ್ದರೆ ಚಪ್ಪಾಳೆ ತಟ್ಟಿದಂತೆ ಸದ್ದು.

"ಅಕ್ಕ, ನೀರು ನಮ್ಮ ಕಲ್ಲಿನ ಮೇಲೆ ಬೀಳ್ತೈತಲ್ಲ?" ಎಂದು ಕೇಳಿದಳು.

"ಇಲ್ಲ. ಅದು ಪಕ್ಕದ ಗದ್ದೇದು" ಎಂದೆ.

"ಹೌದಾ" ಎಂದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಅಜ್ಜಿಯ ಭತ್ತ ಜಳ್ಳಾಯಿತು. ತಂಗಿ ಅದನ್ನೆಲ್ಲ ಮರೆತಿದ್ದಾಳೆ ಎಂದುಕೊಂಡಿದ್ದೆ. ಅಪ್ಪ ತೀರಿಕೊಂಡು ಈಗ ಆರು ವರ್ಷ.

ಪರೀಕ್ಷೆಯ ಕೋಣೆಯಲ್ಲಿ ಅವಳು ಅದನ್ನೆಲ್ಲ ಒಂದೊಂದೇ ವಾಕ್ಯವಾಗಿ ಹೇಳಿದಳು. ಯಾರೋ ಗೊತ್ತಿಲ್ಲದ ಮೇಷ್ಟರು ನಮ್ಮ ಅಪ್ಪನನ್ನು ಕಳ್ಳ ಎಂದುಕೊಳ್ಳುತ್ತಾರಲ್ಲ. ಕೈ ನಿಲ್ಲಿಸಿದರೆ ಅವಳಿಗೆ ತಿಳಿಯುತ್ತದೆ. ಪೆನ್ನಿನ ಸದ್ದನ್ನು ಅವಳು ಕೇಳುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಅವಳು ಒಂದು ಹೇಳಿದಳು, ನಾನು ಇನ್ನೊಂದು ಬರೆದೆ. ನಮ್ಮೂರಿನ ನೀರುಗಂಟಿ ಧರ್ಮಾತ್ಮನಾಗಿದ್ದನು, ಎಲ್ಲ ಅಧಿಕಾರ ಅವನೊಬ್ಬನ ಕೈಯಲ್ಲೇ ಇದ್ದರೂ ತನ್ನ ಗದ್ದೆಗೆ ಕೊನೆಗೇ ನೀರು ಬಿಟ್ಟುಕೊಳ್ಳುತ್ತಿದ್ದನು, ಆದ್ದರಿಂದ ಒಳ್ಳೆಯ ಮನುಷ್ಯ ಇದ್ದರೆ ಅಧಿಕಾರ ಬೇರೆ ಬೇರೆ ಮಾಡುವ ಅಗತ್ಯವಿಲ್ಲ. ಹೀಗೆ ಬರೆದೆ. ದುಂಡಗಿನ ಅಕ್ಷರದಲ್ಲಿ.

"ಬರೆದ್ಯಾ ಅಕ್ಕ?"

"ಬರೆದೆ."

ಓದಿ ಹೇಳು ಎಂದು ಅವಳು ಕೇಳಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಕೊಡಿಸಿದಳು. "ಅಪ್ಪನ ಮಾತು ಹೇಳಿದ್ದಕ್ಕೆ ನಿಂಗೆ ಬೇಜಾರಾಗಿರ್ತದೆ. ಆದ್ರೂ ಬರೆದ್ಯಲ್ಲ" ಎಂದಳು. ನಾನು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಫಲಿತಾಂಶ ಬಂತು. ಎಲ್ಲ ಪತ್ರಿಕೆಗಳಲ್ಲೂ ಒಳ್ಳೆಯ ಅಂಕ. ಅವಳು ಪ್ರಾಣ ಇಟ್ಟುಕೊಂಡಿದ್ದ ಅಮೆರಿಕದ ಸರ್ಕಾರದಲ್ಲಿ ಮಾತ್ರ ಕಡಿಮೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಸೀಟು ಸಿಗಬೇಕಾದರೆ ಆ ಅಂಕವೇ ಬೇಕಿತ್ತು. ಮರುದಿನವೇ ನಮ್ಮ ಮನೆಗೆ ಬಂದಳು, ಕೈಯಲ್ಲಿ ಒಂದು ಅರ್ಜಿ.

"ಯಾವನೋ ಕಣ್ಣು ಮುಚ್ಕೊಂಡು ಪೇಪರ್ ನೋಡ್ಯಾನೆ ಅಕ್ಕ. ನಂಗಾದ್ರೂ ಕಾಣಲ್ಲ, ಅವನಿಗೇನಾಗಿತ್ತು? ಉತ್ತರ ಪತ್ರಿಕೆ ಜೆರಾಕ್ಸ್ ತರಿಸ್ತೀನಿ. ನಮ್ ಮೇಷ್ಟ್ರು ಓದಿ ಹೇಳ್ತಾರೆ. ಇದನ್ನ ತುಂಬಿಸು."

ಅವಳು ಬೆಳ್ಳುಳ್ಳಿ ಬಿಡಿಸುತ್ತ ಕುಳಿತಳು. ನಾನು ಹೆಸರು, ನೋಂದಣಿ ಸಂಖ್ಯೆ, ಪತ್ರಿಕೆ ಬರೆದೆ. ಮುಂದೆ ಪೆನ್ನು ಹೋಗಲಿಲ್ಲ. ಮೇಷ್ಟ್ರು ಓದುವ ಮೊದಲು ನಾನೇ ಹೇಳಬೇಕು.

"ಮೇಷ್ಟ್ರು ಓದೋದು ಬೇಡ. ನಾನು ಬೇರೆ ಬರೆದೆ" ಎಂದೆ. "ಅಪ್ಪಂದು. ನೀನು ಹೇಳಿದ್ದು ಬರೀಲಿಲ್ಲ."

ಬೆಳ್ಳುಳ್ಳಿ ಸಿಪ್ಪೆಯ ಸದ್ದು ನಿಂತಿತು. "ಏನು ಬರೆದೆ? ಹೇಳು, ಹಂಗೇ ಹೇಳು."

ಒಂದಕ್ಷರ ಬಿಡದೆ ಹೇಳಿದೆ. ನನಗೆ ಎಲ್ಲ ಬಾಯಿಪಾಠವಾಗಿತ್ತು, ಎರಡು ತಿಂಗಳು ಅದೇ ತಾನೇ ತಲೆಯಲ್ಲಿ ಓಡಿದ್ದು.

"ಅವತ್ತು ಬದುವಿನ ಮೇಲೆ ಕೇಳ್ದಾಗ್ಲೂ ನೀ ಸುಳ್ಳು ಹೇಳ್ದೆ" ಎಂದಳು. "ನಂಗೆ ಗೊತ್ತಿತ್ತು. ನಮ್ ಕಲ್ಲಿನ ಸದ್ದು ನಂಗೆ ಗೊತ್ತಾಗಲ್ವಾ? ನೀ ಹೇಳ್ತೀಯೇನೋ ಅಂತ ಕೇಳಿದ್ದೆ." ಬಿಡಿಸಿದ ಬೆಳ್ಳುಳ್ಳಿಯನ್ನು ಪಕ್ಕಕ್ಕೆ ಸರಿಸಿದಳು. "ನೀರುಗಂಟಿಗೆ ಕೊನೇ ನೀರು ಅಂತ ಊರೋರು ಯಾಕೆ ಮಾಡಿದ್ರು ಗೊತ್ತಾ? ನೀರುಗಂಟಿ ಒಳ್ಳೆಯೋನು ಅಂತ ಅಲ್ಲ. ಎಂಥ ಒಳ್ಳೆಯೋನಿಗೂ ಬರಗಾಲದಾಗೆ ತನ್ನ ಗದ್ದೇನೇ ಕಾಣ್ತದೆ ಅಂತ. ಅದನ್ನೇ ಅಲ್ವಾ ನೀನು ತಿಂಗಳಿಡೀ ನಂಗೆ ಓದಿ ಹೇಳಿದ್ದು?"

ಆ ಪಾಠವನ್ನು ಎಮ್ಮೆಗೂ ಹೇಳಿದವಳು ನಾನು. ಅದು ನನಗೂ ಹೇಳಿದ್ದು ಎಂದು ಹೊಳೆದಿರಲಿಲ್ಲ. ಅವಳು ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದಳು. ಬಸ್ ಹತ್ತಿಸುವಾಗ ನನ್ನ ಕೈ ಹಿಡಿಯಲಿಲ್ಲ, ಕಂಡಕ್ಟರನ್ನು ಕರೆದಳು.

ಒಂದು ವಾರ ಫೋನಿಲ್ಲ. ಅತ್ತೆ ಕೂಡ, "ಎಂತದೇ ನಿನ್ನ ಮೋರೆ, ಅಮೆರಿಕದಲ್ಲಿ ಯಾರಾದ್ರೂ ಸತ್ರಾ?" ಎಂದು ಕೇಳಿದರು. ಎಂಟನೆಯ ದಿನ ಫೋನು ಬಂತು.

"ಆ ಪೇಪರ್ ಮತ್ತೆ ಬರೀತೀನಿ. ಅಂಕ ಹೆಚ್ಚಿಸ್ಕೊಳ್ಳೋಕೆ ಅವಕಾಶ ಐತಂತೆ. ನೀನು ಬಾ."

"ಬೇಡ. ಬೇರೆ ಯಾರನ್ನಾದ್ರೂ ನೋಡ್ಕೋ. ನಂಗೆ ಆಗಲ್ಲ."

"ಏಳನೇ ಕ್ಲಾಸ್ ಪಾಸಾದೋರು ಎಲ್ಲಿ ಸಿಗ್ತಾರೆ ಮಾರಾಯ್ತಿ? ಬಾ. ಆದ್ರೆ ನಂಬಿಕೆ ಮೇಲೆ ಬಿಡಲ್ಲ ಈ ಸಲ. ಪ್ರತಿ ಉತ್ತರ ಬರೆದ ಮೇಲೆ ಓದಿ ಹೇಳ್ಬೇಕು, ಮೇಡಂಗೆ ಕೇಳೋ ಹಂಗೆ. ನಾನು ಆಯ್ತು ಅಂದ ಮೇಲೇ ಹಾಳೆ ತಿರುಗಿಸ್ಬೇಕು."

ನಾನು ಅಡಿಗೆಮನೆಯಲ್ಲಿ ನಿಂತು ಅತ್ತೆ ಗಾಬರಿಯಾಗುವಷ್ಟು ಜೋರಾಗಿ "ಆಯ್ತು!" ಎಂದೆ.

ಮೊನ್ನೆ ಆ ಪರೀಕ್ಷೆ ಮುಗಿಯಿತು. ಒಂದೊಂದು ಉತ್ತರವನ್ನೂ ಓದಿದೆ. ಒಂದು ಕಡೆ ಸಣ್ಣ ರಾಜ್ಯಗಳು ಬಹಳ ಹೆದರಿದವು ಎಂದು ಓದಿದಾಗ ಅವಳು ಕೈ ಎತ್ತಿದಳು. "ಬಹಳ ಅಂತ ನಾ ಹೇಳಿಲ್ಲ." ಹೌದು, ಹೇಳಿರಲಿಲ್ಲ. ಖುಷಿಗೆ ನನ್ನ ಕೈಯೇ ಸೇರಿಸಿತ್ತು. ಹೊಡೆದು ಹಾಕಿದೆ. ಮೇಡಂ ನಕ್ಕರು, ತಂಗಿ ನಕ್ಕಳು, ನನಗೆ ಅಳು ಬಂತು. ಆದರೆ ಈ ಸಲ ಅಧಿಕಾರ ಪ್ರತ್ಯೇಕತೆಯ ಪ್ರಶ್ನೆ ಬರಲೇ ಇಲ್ಲ. ಹಾಗಾಗಿ ಅವಳು ಆ ದಿನ ಹೇಳಿದ ಮಾತು ಯಾವ ಹಾಳೆಯ ಮೇಲೂ ಇಲ್ಲ.

ಆ ಮಾತು ಎಲ್ಲಾದರೂ ಇರಲಿ ಎಂದೇ ಇದನ್ನೆಲ್ಲ ಬರೆಯಲು ಕುಳಿತೆ. ಇಲ್ಲಿಯವರೆಗೆ ಅವಳಿಗೆ ಓದಿ ಹೇಳಿದೆ, ಇನ್ನೊಂದು ಸಲ ಹೇಳು ಎಂದು ಕೇಳಿಕೊಂಡೆ. ಅವಳು ಜಗಲಿಯಲ್ಲಿ ನೆಟ್ಟಗೆ ಕುಳಿತು, ಪರೀಕ್ಷೆಯ ದನಿಯಲ್ಲಿ ಹೇಳಿದಳು.

"ನಮ್ಮ ಊರಿನ ನೀರುಗಂಟಿ ನನ್ನ ತಂದೆ. ಅವರು ಕೆಟ್ಟವರಲ್ಲ. ಸರದಿ ಹೇಳುವವರೂ ತೂಬು ತೆಗೆಯುವವರೂ ದೂರು ಕೇಳುವವರೂ ಅವರೊಬ್ಬರೇ ಆದ ವರ್ಷ, ಕೊನೆಯ ಗದ್ದೆಯ ಅಜ್ಜಿಗೆ ಸೇರಬೇಕಾದ ನೀರು ನಮ್ಮ ಗದ್ದೆಗೆ ಬಂತು. ಅಜ್ಜಿ ದೂರು ಹೇಳಬೇಕಾದರೆ ಅವರ ಬಳಿಗೇ ಬರಬೇಕಿತ್ತು, ಅದಕ್ಕೇ ಬರಲಿಲ್ಲ. ಆ ನೀರಿನ ಸದ್ದು ನಾನು ಕೇಳಿದ್ದೇನೆ. ಆ ವರ್ಷದ ಅನ್ನ ನಾನೂ ಉಂಡಿದ್ದೇನೆ."

"ಓದು" ಎಂದಳು. ಓದಿದೆ. "ಆಯ್ತು. ನಿಂದೇನಾದ್ರೂ ಇದ್ರೆ ಕೆಳಗೆ ಬೇರೆ ಬರ್ಕೋ. ನಂದ್ರಾಗೆ ಸೇರಿಸ್ಬೇಡ."

ಕೆಳಗೆ, ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇನೆ. ಆ ಬೆಳಿಗ್ಗೆ ಬದುವಿನ ಮೇಲೆ ಕಾವಲು ನಿಂತಿದ್ದವಳು ನಾನು.